ಕಾಲುದಾರಿ ಗುಡಿಸುತ್ತಿದ್ದವರು

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಸೊಂಟದ ಉಡಿದಾರದಲ್ಲಿ ಚರ್ಚಿನ ಎರಡು ಕೀಲಿ. ಬಗ್ಗಿ ಗುಡಿಸುವಾಗ ಕೀಲಿಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಆ ಶನಿವಾರ ಸಂಜೆ ನಾನು ಚರ್ಚಿನ ಗೇಟು ತಳ್ಳಿದಾಗ ಮೊದಲು ಕೇಳಿಸಿದ್ದೂ ಅದೇ ಸದ್ದು.

"ಬಂದ್ಯೇನಮ್ಮಾ? ನಿಮ್ಮಮ್ಮನ ಮೇಲೆ ಇವತ್ತು ಜಾಸ್ತಿ ಬಿದ್ದಿದೆ. ಹೊಂಗೆ ಎಲೆ ಉದುರೋ ಕಾಲ ನೋಡು," ಎಂದರು ತಾತ. ಅಮ್ಮನ ಸಮಾಧಿಯ ಮೇಲಿನ ಎಲೆಗಳನ್ನು ಗುಡ್ಡೆ ಮಾಡಿ ಗೋಣಿಚೀಲಕ್ಕೆ ತುಂಬಿದರು. ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದರು. "ಸೋಮವಾರ ಪರದೆ ಒಗೀಬೇಕು. ಬಿಸಿಲಿದ್ರೆ ಸಾಕು," ಎಂದರು. ನಾನು ತಲೆಯಾಡಿಸಿ ಮನೆಗೆ ಬಂದೆ. ಅಷ್ಟೇ ನಡೆದದ್ದು.

ನಾವೆಲ್ಲ ಅವರನ್ನು ಬೀಗದ ತಾತ ಎನ್ನುತ್ತಿದ್ದೆವು. ಹೊಸಕೆರೆಹಳ್ಳಿಯ ಕಡೆ ಇರುವ ನಮ್ಮ ಕಲ್ಲಿನ ಚರ್ಚು ಬಹಳ ಚಿಕ್ಕದು. ಒಳಗೆ ಒಬ್ಬ ಪಾದ್ರಿಯ ಸಮಾಧಿ ಇದೆ. ಪ್ಲೇಗಿನ ಕಾಲದಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಾ ಅಲ್ಲೇ ತೀರಿಕೊಂಡವರಂತೆ. ಮಗುವಿಗೆ ಜ್ವರ ಬಂದರೆ ಇಂದಿಗೂ ಜನ ಆ ಕಲ್ಲು ಮುಟ್ಟಿಸಲು ಬರುತ್ತಾರೆ. ಕಲ್ಲಿನ ಮೇಲಿನ ಅಕ್ಷರ ಪೂರ್ತಿ ಸವೆದಿದೆ. ಹಾಗಾಗಿ ಅವರು ನಮ್ಮವರು ಎಂದು ಕಥೋಲಿಕರು ಹೇಳುತ್ತಾರೆ, ನಮ್ಮವರು ಎಂದು ಪ್ರೊಟೆಸ್ಟೆಂಟರು ಹೇಳುತ್ತಾರೆ. ಹಿಂದೆ ಯಾವಾಗಲೋ ಇಬ್ಬರಿಗೂ ಜಗಳವಾಗಿ ಒಂದೇ ಬಾಗಿಲಿಗೆ ಇಬ್ಬರೂ ತಮ್ಮ ತಮ್ಮ ಬೀಗ ಹಾಕಿದರು. ಒಬ್ಬರ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸಿಲ್ಲದೆ, ಎರಡನ್ನೂ ಎದುರು ದಿನಸಿ ಅಂಗಡಿಯ ಲಿಂಗಾಯತರ ಮನೆಗೆ ಕೊಟ್ಟರು. ಅಂಗಡಿಯ ಜೊತೆಗೆ ಕೀಲಿಗಳೂ ತಂದೆಯಿಂದ ತಾತನಿಗೆ ಬಂದವು.

ಭಾನುವಾರ ಏಳೂವರೆಗೆ ಕಥೋಲಿಕರ ಪೂಜೆ, ಒಂಬತ್ತೂವರೆಗೆ ಪ್ರೊಟೆಸ್ಟೆಂಟರ ಆರಾಧನೆ. ನಡುವೆ ತಾತನಿಗೆ ಸಿಗುತ್ತಿದ್ದುದು ಅರ್ಧ ಗಂಟೆ. ಮೇಣದಬತ್ತಿ ಆರಿಸಿ, ಬೆಂಚಿನ ಮೇಲೆ ಬಿದ್ದ ಮೇಣವನ್ನು ಸ್ಟೀಲ್ ಸ್ಕೇಲಿನಿಂದ ಕೆರೆದು, ಮರಿಯಮ್ಮನ ಪ್ರತಿಮೆಯ ಮುಂದೆ ನೀಲಿ ಪರದೆ ಎಳೆಯಬೇಕು. ಪರದೆ ಎಳೆಯದಿದ್ದರೆ, ಪ್ರತಿಮೆ ಒಪ್ಪದ ಪ್ರೊಟೆಸ್ಟೆಂಟರ ಪಾಸ್ಟರ್ ಒಳಗೆ ಬರುತ್ತಿರಲಿಲ್ಲ. ಆಮೇಲೆ ಅದನ್ನು ತೆರೆಯದಿದ್ದರೆ ಕಥೋಲಿಕರ ಫಾದರ್ ಊಟ ಮಾಡುತ್ತಿರಲಿಲ್ಲ.

ಒಮ್ಮೆ ಮಳೆಗಾಲದಲ್ಲಿ ಒಗೆದ ಪರದೆ ಒಣಗಲೇ ಇಲ್ಲ. ತಾತ ಮನೆಗೆ ಓಡಿ ಹಸಿರಂಚಿನ ತಮ್ಮ ಪಂಚೆ ತಂದು ಕಟ್ಟಿಬಿಟ್ಟರು. ಆರಾಧನೆಯೇನೋ ಸುಸೂತ್ರವಾಗಿ ಮುಗಿಯಿತು. ವಿಷಯ ಫಾದರಿಗೆ ತಿಳಿದು, ಅವರು ಅಂಗಡಿಯ ಮುಂದೆ ಬಂದು ನಿಂತರು.

"ಏನ್ರೀ ಇದು? ದೇವಮಾತೆಗೆ ಗಂಡಸಿನ ಪಂಚೆ ಕಟ್ಟೋದಾ?"

"ಒಗೆದ ಪಂಚೆ ಫಾದರ್. ಮಗನ ಪಂಚೆ ತಾಯಿಗೆ ಮೈಲಿಗೆಯಾ?"

ಫಾದರ್ ಒಂದು ಸೋಪು ಕೊಂಡು ಹೋದರು. ಮುಂದಿನ ವಾರ ಫಾದರ್ ಕಡೆಯಿಂದ ಎರಡನೆಯ ಪರದೆ ಬಂತು. ಅದಕ್ಕೂ ತಕರಾರು ಬಂತೆನ್ನಿ. ನಮ್ಮ ಕಡೆಯವರು, ನಮ್ಮ ದುಡ್ಡಿನ ಪರದೆಯೂ ಒಂದಿರಲಿ ಎಂದು ಮೂರನೆಯದು ತಂದರು.

ನಮ್ಮ ಕಡೆ ಎಂದೆ. ಅಪ್ಪ ಪ್ರೊಟೆಸ್ಟೆಂಟ್, ನಾನೂ ಅದೇ ಸಭೆಯವಳು. ಅಮ್ಮ ಕಥೋಲಿಕಳು. ಮದುವೆಯಾದ ಮೇಲೂ ಇಬ್ಬರೂ ತಮ್ಮ ತಮ್ಮ ಹೊತ್ತು ಬಿಡಲಿಲ್ಲ. ಪೂಜೆ ಮುಗಿಸಿ ಅಮ್ಮ ಹೊರಗೆ ಬರುವಾಗ ಅಪ್ಪ ನನ್ನ ಕೈ ಹಿಡಿದು ಗೇಟಿಗೆ ಬಂದಿರುತ್ತಿದ್ದರು. ತಾತ ಒಳಗೆ ಪರದೆ ಎಳೆಯುವಷ್ಟು ಹೊತ್ತು ನಾವು ಮೂವರೂ ಅವರ ಅಂಗಡಿಯ ಕಟ್ಟೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದೆವು. ನನ್ನ ಬಾಲ್ಯದ ಭಾನುವಾರ ಎಂದರೆ ಆ ಅರ್ಧ ಗಂಟೆ.

ಚರ್ಚಿನ ಹಿಂದಿನ ಸಮಾಧಿಗಳಿಗೂ ಎರಡು ಕಡೆ ಇದೆ. ಎಡಗಡೆ ಅವರದು, ಬಲಗಡೆ ನಮ್ಮದು, ನಡುವೆ ಒಂದು ಕಾಲುದಾರಿ. ಆ ದಾರಿ ಯಾರದ್ದೆಂದು ತೀರ್ಮಾನವಾಗಿಲ್ಲ. ಅಲ್ಲಿ ಯಾರು ಗುಡಿಸಿದರೆ, ಯಾರು ಸುಣ್ಣ ಬಳಿದರೆ ಜಾಗ ಅವರದಾಗುತ್ತದೆ ಎಂಬ ಮಾತು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಹಾಗಾಗಿ ಅಲ್ಲಿ ಪೊರಕೆ ಹಿಡಿಯುವ ಹಕ್ಕು ಇದ್ದದ್ದು ಎರಡೂ ಕಡೆಗೆ ಸೇರದ ತಾತನಿಗೆ ಮಾತ್ರ.

ಅಪ್ಪ ತೀರಿಕೊಂಡಾಗ ಅವರಿಗೆ ನಮ್ಮ ಕಡೆಯ ಕೊನೆಯ ಸಾಲಿನಲ್ಲಿ, ಆ ದಾರಿಯ ಅಂಚಿನಲ್ಲೇ ಜಾಗ ಸಿಕ್ಕಿತು. ಅವರ ಇನ್ನೊಂದು ಪಕ್ಕದಲ್ಲಿ ಮೊದಲೇ ಬೇರೆಯವರಿದ್ದರು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ ಬರುವಾಗ ಅಮ್ಮ ತಾತನ ಅಂಗಡಿಯಲ್ಲಿ ನಿಂತಳು.

"ಯಜಮಾನ್ರೇ, ನನ್ನನ್ನ ಇವರ ಪಕ್ಕದಲ್ಲೇ ಹಾಕ್ಸಿ. ಆದ್ರೆ ಫಾದರೇ ಬಂದು ಮಣ್ಣು ಕೊಡ್ಬೇಕು."

ಅಂದರೆ ಕಾಲುದಾರಿಯಲ್ಲೇ ಆಗಬೇಕು. ತಾತ ಬೇಳೆ ತೂಗುತ್ತಿದ್ದವರು ನಿಲ್ಲಿಸಿದರು. "ಒಳ್ಳೇ ಕೆಲ್ಸ ಹೇಳಿದ್ರಿ ತಾಯಿ. ನೋಡಾಣ, ಅವಸರ ಏನೂ ಇಲ್ವಲ್ಲ?"

"ನನಗಿಲ್ಲ. ಅವರು ಒಬ್ಬರೇ ಇದಾರೆ," ಎಂದಳು ಅಮ್ಮ.

ಆಮೇಲೆ ಆರು ವರ್ಷ ಅದರ ಸುದ್ದಿ ಬರಲಿಲ್ಲ. ಹೋದ ವರ್ಷ ಏಪ್ರಿಲಿನಲ್ಲಿ, ಒಂದು ಬೆಳಿಗ್ಗೆ, ಅಮ್ಮ ಕಾಫಿ ಲೋಟ ಕೆಳಗಿಟ್ಟು ಹಾಗೇ ಒರಗಿದಳು. ತಾತನಿಗೆ ಫೋನ್ ಮಾಡಿದಾಗ ನನಗೆ ಅಳುವುದಕ್ಕೂ ಆಗಲಿಲ್ಲ. "ಜಾಗ..." ಎಂದೆ, ಅಷ್ಟೇ. "ನೀನು ಅಮ್ಮನ ಹತ್ರ ಕೂತ್ಕೋ. ಅದು ನನಗೆ ಬಿಡು," ಎಂದರು.

ಅವರು ಮಾಡಿದ್ದು ನನಗೆ ಗೊತ್ತಾದದ್ದು ಆಮೇಲೆ. ಮೊದಲು ಫಾದರ್ ಹತ್ತಿರ ಹೋದರು. "ಆ ಕಾಲುದಾರೀಲಿ ಹೂಳೋಕೆ ಪಾಸ್ಟರ್ ಅಪ್ಪಣೆ ಕೊಡ್ತಾರಂತೆ, ನಿಮಗೆ ಗೊತ್ತಾ?" ಎಂದರು.

"ಅವರ್ಯಾರ್ರೀ ಅಪ್ಪಣೆ ಕೊಡೋಕೆ? ಜಾಗ ನಮ್ಮದು. ಕೊಟ್ರೆ ನಾವು ಕೊಡ್ಬೇಕು."

"ಹಂಗಾದ್ರೆ ಬರೆದು ಕೊಡಿ. ನಾಳೆ ಸಾಕ್ಷಿಗಿರುತ್ತೆ."

ಫಾದರ್ ಮೊಹರು ಒತ್ತಿ ಕೊಟ್ಟರು. ತಾತ ಆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು, ಪಾಸ್ಟರ್ ಮನೆಗೆ ಹೋಗಿ ಅದೇ ಮಾತನ್ನು ತಿರುಗಿಸಿ ಹೇಳಿದರು. ಪಾಸ್ಟರ್ ಅಂತೂ ಕಾಗದವನ್ನು ಟೈಪ್ ಮಾಡಿಸಿಯೇ ಕೊಟ್ಟರು. ಮಧ್ಯಾಹ್ನ ಮೂರಕ್ಕೆ ಫಾದರ್ ಬಂದು ಮಣ್ಣು ಕೊಟ್ಟರು. ಪಾಸ್ಟರ್ ಅಪ್ಪನ ಸಮಾಧಿಯ ಪಕ್ಕ ನಿಂತು ತಲೆತಗ್ಗಿಸಿದ್ದರು. ಯಾರ ಜಾಗದಲ್ಲಿ ಯಾರು ನಿಂತಿದ್ದಾರೆ ಎಂದು ಆ ಹೊತ್ತಿನಲ್ಲಿ ಒಬ್ಬರೂ ಕೇಳಲಿಲ್ಲ.

"ಇಬ್ಬರಿಗೂ ಒಂದೇ ಮಾತು ಹೇಳ್ದೆ ಕಣಮ್ಮಾ. ಫಾದರಿಗೆ ಹೇಳಿದ್ದು ಆ ಹೊತ್ತಿಗೆ ಸುಳ್ಳಾಗಿತ್ತು, ಒಂದು ಗಂಟೆ ಆದ್ಮೇಲೆ ನಿಜ ಆಯ್ತು," ಎಂದು ಒಂದು ದಿನ ನಕ್ಕರು. ಎರಡು ಕಾಗದವನ್ನೂ ನನ್ನ ಕೈಗೆ ಕೊಟ್ಟರು. ಅಮ್ಮನ ಬೈಬಲಿನಲ್ಲಿ ಇಟ್ಟಿದ್ದೇನೆ.

ಇಬ್ಬರೂ ಕಾಗದ ಕೊಟ್ಟ ವಿಷಯ ಹದಿನೈದು ದಿನದೊಳಗೆ ಎರಡೂ ಕಡೆ ತಿಳಿಯಿತು. ಸಭೆಗಳಾದವು, ಕೂಗಾಟವೂ ಆಯಿತು. ಅಮ್ಮನನ್ನು ಅಲ್ಲಿಂದ ತೆಗೆಯಬೇಕೆಂದು ಮಾತ್ರ ಯಾರೂ ಅನ್ನಲಿಲ್ಲ. ಕೆಟ್ಟವರಲ್ಲ ಅವರು. ಅಪ್ಪ ಕಾಯಿಲೆಯಿಂದ ಮಲಗಿದ್ದಾಗ ಫಾದರ್ ಬಂದು ಪ್ರಾರ್ಥಿಸಿದ್ದರು, ಅಮ್ಮನಿಗೆ ಕಾಲು ನೋವಾದಾಗ ಪಾಸ್ಟರ್ ಆಟೋ ತಂದಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು. ಜಾಗ ತೀರ್ಮಾನವಾಗುವ ತನಕ ಆ ಸಮಾಧಿಯನ್ನು ಎರಡು ಕಡೆಯವರೂ ಗುಡಿಸಬಾರದು, ಸುಣ್ಣ ಬಳಿಯಬಾರದು. ಅದನ್ನು ತಾತನೇ ನೋಡಿಕೊಳ್ಳಬೇಕು.

ಒಂದು ಸಲ ನಾನು ಪೊರಕೆಗೆ ಕೈ ಹಾಕಿದ್ದೆ. ಎಂಬತ್ತು ದಾಟಿದವರು ಬಗ್ಗುವುದನ್ನು ನೋಡಿ ನಿಲ್ಲಲಾಗಲಿಲ್ಲ. ತಾತ ಪೊರಕೆ ಹಿಂದಕ್ಕೆ ಎಳೆದುಕೊಂಡರು.

"ಬೇಡ ಮಗಾ. ನಾನು ಗುಡಿಸಿದ್ರೆ ಕಸ ಹೋಗುತ್ತೆ. ನೀನು ಗುಡಿಸಿದ್ರೆ ಕೇಸ್ ಶುರುವಾಗುತ್ತೆ. ನಿಮ್ಮಮ್ಮ ನೆಮ್ಮದಿಯಾಗಿದ್ದಾಳೆ, ಇರ್ಲಿ."

ಪರದೆ ಒಗೆಯಬೇಕೆಂದಿದ್ದ ಆ ಸೋಮವಾರ ತಾತ ಅಂಗಡಿಯ ಬಾಗಿಲು ಎತ್ತಿದವರು ಅಲ್ಲೇ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಅವರ ಪದ್ಧತಿಯಂತೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡಿದರು. ಫಾದರ್ ಒಂದು ಹಾರ ತಂದಿದ್ದರು, ಪಾಸ್ಟರ್ ಇನ್ನೊಂದು. ಯಾರದು ಮೊದಲು ಎಂಬ ಗೊಂದಲದಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಹಾರ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ ತಾತನ ಮಗ ಎರಡನ್ನೂ ಇಸಿದುಕೊಂಡು ಒಟ್ಟಿಗೆ ಹಾಕಿದರು.

ಕೀಲಿಗಳನ್ನು ಇಟ್ಟುಕೊಳ್ಳಲು ಆ ಮಗ ಒಪ್ಪಲಿಲ್ಲ. "ನಮಗೆ ಬೇಡ ಸಾರ್. ಅಪ್ಪನಿಗಿದ್ದ ತಾಳ್ಮೆ ನನಗಿಲ್ಲ," ಎಂದು ಅವರವರ ಕೀಲಿ ಅವರಿಗೇ ಕೊಟ್ಟರು. ಈಗ ಎರಡು ಕಡೆಯಿಂದ ಒಬ್ಬೊಬ್ಬರು ಬಂದು ತಮ್ಮ ತಮ್ಮ ಬೀಗ ತೆಗೆಯುತ್ತಾರೆ. ಪರದೆಯನ್ನು ಒಬ್ಬರು ಎಳೆಯುತ್ತಾರೆ, ಇನ್ನೊಬ್ಬರು ತೆರೆಯುತ್ತಾರೆ. ಹೇಗೋ ನಡೆಯುತ್ತಿದೆ.

ನಾನು ಶನಿವಾರ ಜಯನಗರದ ಕೆಲಸ ಮುಗಿಸಿಕೊಂಡು ಈಗಲೂ ಹೋಗುತ್ತೇನೆ. ಅಪ್ಪನ ಸಮಾಧಿ ಗುಡಿಸುತ್ತೇನೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅಮ್ಮನದು ಒಂದು ಮೊಳ ಆಚೆ. ಫೆಬ್ರವರಿಯಲ್ಲಿ ಉದುರಿದ ಎಲೆ ಅದರ ಮೇಲೆ ಹಾಗೇ ಇದೆ, ಈಗ ಎಲೆಯ ಮೇಲೆ ಹೊಂಗೆ ಹೂವು ಬಿದ್ದಿದೆ. ತಾತನ ಪೊರಕೆ ಚರ್ಚಿನ ಹಿಂಗೋಡೆಗೆ ಒರಗಿಕೊಂಡಿದೆ. ಹೋದ ವಾರ ಅದನ್ನು ಕೈಗೆ ತೆಗೆದುಕೊಂಡೆ. ಸ್ವಲ್ಪ ಹೊತ್ತು ಹಿಡಿದು ನಿಂತು, ಇದ್ದಲ್ಲೇ ಇಟ್ಟೆ.

ಅಮ್ಮನ ಸಮಾಧಿ ಗುಡಿಸುವವರು ಇಲ್ಲ.