ಬಿಸ್ಕತ್ತಿನ ಡಬ್ಬಿಯ ಟೇಪು

ಹೌನ್ಸ್ಲೋದ ಸರಕು ಸಾಗಣೆ ಕಂಪನಿಯೊಂದರಲ್ಲಿ ಬ್ಯಾಕಪ್ ನನ್ನ ಪಾಲಿನ ಕೆಲಸ. ಭಾನುವಾರ ಎಲ್ಲ ಫೈಲುಗಳ ಪೂರ್ತಿ ನಕಲು ಟೇಪಿಗೆ ಇಳಿಯಬೇಕು, ಮಿಕ್ಕ ದಿನ ಬದಲಾದಷ್ಟು ಮಾತ್ರ. ವ್ಯವಸ್ಥೆ ಚೆನ್ನಾಗಿಯೇ ಇತ್ತು, ಸಮಾಧಾನವಿಲ್ಲದವನು ನಾನು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವನು. ಭಾನುವಾರದ ಟೇಪು ಕೈಕೊಟ್ಟರೆ ವಾರದ ಮಿಕ್ಕ ಟೇಪುಗಳೆಲ್ಲ ದಂಡ ಎಂಬ ಯೋಚನೆ ತಲೆಗೆ ಹೊಕ್ಕಿದ್ದೇ, ಮಂಗಳವಾರ, ಗುರುವಾರ, ಮನಸ್ಸು ಕೆಟ್ಟಾಗಲೆಲ್ಲ ಪೂರ್ತಿ ನಕಲನ್ನೇ ಹೊಸದಾಗಿ ತೆಗೆಸತೊಡಗಿದೆ. ಟೇಪು ಸಾಲದಾಯಿತು.

ಬೆಂಕಿಗಿಂಕಿ ಬಿದ್ದರೆ ಇರಲಿ ಎಂದು ಎರಡು ತಿಂಗಳಿಗೊಂದು ಟೇಪು ಕಟ್ಟಡದಿಂದ ಹೊರಗೆ ಇರಬೇಕಿತ್ತು. ಅದನ್ನು ಒಯ್ಯುತ್ತಿದ್ದವರು ಶಿಫ್ಟುಗಳ ಪಟ್ಟಿ ಮಾಡುತ್ತಿದ್ದ, ಆಫೀಸಿನ ಹತ್ತಿರವೇ ಮನೆಯಿದ್ದ ಉಡುಪಿ ಕಡೆಯ ಅಕ್ಕ. ಬಿಸ್ಕತ್ತಿನ ಡಬ್ಬಿಗೆ ಹಾಕಿ ಏಸುವಿನ ಪಟದ ಕೆಳಗೆ ಇಡುತ್ತಿದ್ದರು. ಎರಡು ತಿಂಗಳು ಅದನ್ನು ಮುಟ್ಟುವಂತಿಲ್ಲ. ನನಗೆ ತಡೆಯಲಾಗಲಿಲ್ಲ.

"ನಾಳೆ ತಂದ್ಕೊಡಿ ಅಕ್ಕ, ಇಲ್ಲಿ ಟೇಪೇ ಇಲ್ಲ."

"ಎರಡು ತಿಂಗಳು ಆಗ್ಲಿಲ್ಲ ಅಲ್ವಾ ಮಾರಾಯ್ರೆ?"

"ಅದಕ್ಕಿಂತ ಹೊಸದು ನನ್ಹತ್ರ ಇದೆ, ಬಿಡಿ."

ತಂದುಕೊಟ್ಟರು. ಅವರು ದುಂಡಗೆ ಬರೆದಿದ್ದ ತಾರೀಖನ್ನು ಗೀಚಿ ಹಾಕಿ, ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸ ನಕಲು ತೆಗೆದೆ.

ಎರಡು ವಾರದ ನಂತರ ಅಕ್ಕ ನನ್ನ ಮೇಜಿಗೆ ಬಂದರು. ಅವರು ಈ ದೇಶಕ್ಕೆ ಬಂದು ನಾಲ್ಕು ವರ್ಷ ತುಂಬಿತ್ತು, ಆಗಿನ ನಿಯಮದಂತೆ ಕಾಯಂ ವಾಸಕ್ಕೆ ಅರ್ಜಿ ಹಾಕಬೇಕು. ಬೇಗ ಮುಗಿದರೆ ಕ್ರಿಸ್ಮಸ್ಸಿಗೆ ಊರು. ಊರಿಗೆ ಹೋಗಿಬಂದ ದಿನಗಳ ಲೆಕ್ಕ, ರಜೆಯ ಪತ್ರಗಳು ಎಲ್ಲ ಇದ್ದ ಫೈಲನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಬದಲು ಬರೀ ಚೌಕಗಳು. ಯಾವಾಗ ಕೆಟ್ಟಿತ್ತೋ, ಯಾರೂ ನೋಡಿರಲಿಲ್ಲ.

"ನಿಮ್ಮಲ್ಲಿ ಉಂಟಲ್ಲ" ಎಂದು ನಕ್ಕರು.

ಒಂದೊಂದೇ ಟೇಪು ಹಾಕಿ ನೋಡಿದೆ. ಎಲ್ಲದರಲ್ಲೂ ಅವೇ ಚೌಕಗಳು. ಕೆಟ್ಟ ಫೈಲನ್ನೇ ಮತ್ತೆ ಮತ್ತೆ, ಪೂರ್ತಿಯಾಗಿ, ಜೋಪಾನ ಮಾಡಿದ್ದೆ. ಕೊನೆಗೆ ಗೀಚಿದ ತಾರೀಖಿನ ಟೇಪು ಕೈಗೆ ಬಂತು. ಅದನ್ನು ಅಕ್ಕನ ಮುಂದಿಟ್ಟೆ.

"ಇದು ನನ್ನ ಮನೆಯಲ್ಲೇ ಇದ್ದಿದ್ರೆ?"

"ಸಿಕ್ತಿತ್ತು ಅಕ್ಕ, ಫೈಲು ಕೆಡೋ ಮುಂಚಿನ ನಕಲು ಇದ್ದಿದ್ದು ಇದರಲ್ಲೇ. ತಪ್ಪು ನಂದೇ."

ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಹಳೆಯ ಕಾಗದ ಹುಡುಕಿ ಅರ್ಜಿ ಕಳಿಸುವಷ್ಟರಲ್ಲಿ ಡಿಸೆಂಬರ್ ಬಂತು. ಪಾಸ್‌ಪೋರ್ಟು ಅರ್ಜಿಯ ಜೊತೆ ಹೋಗಿತ್ತು, ಅಕ್ಕನಿಗೆ ಊರಿಗೆ ಹೋಗಲಾಗಲಿಲ್ಲ.

ರಜೆಗೆ ಮುಂಚಿನ ಶುಕ್ರವಾರ ಎಂದಿನಂತೆ ಡಬ್ಬಿ ಹಿಡಿದು ಬಂದರು. ಟೇಪು ಕೊಟ್ಟೆ. ಮುಚ್ಚಳ ಒತ್ತಿ ಹಾಕಿ ಹೇಳಿದರು: "ಇನ್ನು ನೀವು ಕೇಳಿದ್ರೂ ನಾನು ಕೊಡುದಿಲ್ಲ."