ಫೋನಿನ ಸರಪಳಿಯ ಕಡೆಯ ಮನೆ

ಕ್ಯಾನ್ಯನ್ ಪಾರ್ಕಿನಲ್ಲಿದ್ದ ನನ್ನ ಗಂಡನ ಆಫೀಸಿಗೆ ಹತ್ತಿರವೆಂದು ನಾವು ಆ ಮನೆಗೆ ಬಂದಾಗ, ಪಕ್ಕದಲ್ಲಿದ್ದವರು ನೆಬ್ರಾಸ್ಕದ ಕಡೆಯ ಒಬ್ಬ ವಯಸ್ಸಾದ ವಿಧವೆ. ಬೇಲಿಯ ಆಚೆ ಅವರ ಅಡುಗೆಮನೆಯ ಕಿಟಕಿ, ಈಚೆ ನಮ್ಮದು. ಅವರು ಪಾತ್ರೆ ಒರೆಸಿಯಾದ ಮೇಲೆ ಬಟ್ಟೆಯನ್ನು ನಲ್ಲಿಯ ಕುತ್ತಿಗೆಗೆ ಹಾಕಿ, ಎರಡು ತುದಿಯೂ ಸಮವಾಗುವಂತೆ ಎಳೆಯುತ್ತಿದ್ದರು. ಹುಬ್ಬಳ್ಳಿಯ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳೂ ಹಾಗೇ ಮಾಡುತ್ತಿದ್ದರು. ಬಹುಶಃ ಅದನ್ನು ನೋಡಿಯೇ ನಾನು ಮಾತಾಡಿಸಲು ಹೋದದ್ದು.

ಅವರ ಊರಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳವಂತೆ. ಇಲ್ಲಿಯ ಮರಗಳು ಆಕಾಶವನ್ನೇ ಮುಚ್ಚುತ್ತವೆ ಎಂದು ಗೊಣಗುತ್ತಿದ್ದರು. ಗಂಡನ ಕೆಲಸಕ್ಕಾಗಿ ಇಲ್ಲಿಗೆ ಬಂದ ಮೇಲೆ ಚರ್ಚೇ ಅವರ ಊರು.

ಆ ಚರ್ಚಿನ ಹೆಂಗಸರದೊಂದು ಫೋನಿನ ಸರಪಳಿ ಇತ್ತು. ಯಾರಿಗಾದರೂ ಕಾಯಿಲೆಯೆಂದರೆ ಸುದ್ದಿ ಮೊದಲು ಇವರಿಗೆ. ಇವರು ಒಬ್ಬರಿಗೆ, ಆಕೆ ಇನ್ನೊಬ್ಬರಿಗೆ ಫೋನ್ ಮಾಡುವುದು. ಕೇಳಿದವರೆಲ್ಲ ಕೂತಲ್ಲೇ ಪ್ರಾರ್ಥಿಸುವುದು. ಸುದ್ದಿ ದಾರಿಯಲ್ಲಿ ಕೆಟ್ಟಿಲ್ಲವೆಂಬ ಖಾತ್ರಿಗೆ, ಕಡೆಯವರು ತಿರುಗಿ ಇವರಿಗೇ ಫೋನ್ ಮಾಡಿ ಕೇಳಿದ್ದನ್ನು ಒಪ್ಪಿಸಬೇಕು. ಒಮ್ಮೆ ಯಾರದೋ ಮಂಡಿಯ ಆಪರೇಷನ್, ಕಡೆಯ ಮನೆ ಮುಟ್ಟುವಷ್ಟರಲ್ಲಿ ಕಾಲೇ ಹೋಗಿತ್ತಂತೆ!

ಕಡೆಯಾಕೆ ತೀರಿಕೊಂಡಾಗ ಆ ಜಾಗಕ್ಕೆ ನನ್ನನ್ನು ಕೇಳಿದರು.

"ನಾನು ನಿಮ್ಮ ಚರ್ಚಿನವಳಲ್ಲವಲ್ಲ?"

"ಹಗಲು ಮನೆಯಲ್ಲಿರುತ್ತೀಯ, ಫೋನ್ ಎತ್ತುತ್ತೀಯ. ನಮ್ಮ ಚರ್ಚಿನವರು ಅದೂ ಮಾಡುವುದಿಲ್ಲ." ಆಮೇಲೆ ಬಟ್ಟೆಯ ತುದಿ ಎಳೆಯುತ್ತ ಹೇಳಿದರು: "ನನ್ನ ಸರದಿಯೂ ಬರುತ್ತೆ. ಆವಾಗ ನನ್ನ ಹೆಸರು ಒಂದು ಸಲ ಎಲ್ಲರ ಮನೆ ಸುತ್ತಿ ಬರಬೇಕು. ಅಷ್ಟೇ ಆಸೆ."

ಫೋನ್ ಬಂದಾಗಲೆಲ್ಲ ನಾನು ದೇವರ ಮುಂದೆ ಕೂತು, ಶಾಲೆಯಲ್ಲಿ ಕಲಿತ ಪ್ರಾರ್ಥನೆ ಹೇಳುತ್ತಿದ್ದೆ. ಗಣಪತಿ ಬೇಡವೆನ್ನಲಿಲ್ಲ. ನಮ್ಮವರು ಮಾತ್ರ ಛೇಡಿಸುತ್ತಿದ್ದರು: "ಏನ್ರೀ ಸಿಸ್ಟರ್, ಇವತ್ತ ಯಾರ ಕಿಡ್ನಿ?"

"ಸುಮ್ನ ಚಾ ಕುಡೀರಿ. ನಿಮ್ಮ ಬಿ.ಪಿ.ನೂ ಸೇರ್ಸೇನಿ."

ನಾನು ಯಾರಿಗಾಗಿ ಬೇಡಿಕೊಂಡೆನೋ ಅವರಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಸರಪಳಿಯೂ ಉಳಿಯಲಿಲ್ಲ. ಒಬ್ಬಾಕೆ ಮಗಳೊಂದಿಗೆ ಅರಿಜೋನಾಕ್ಕೆ ಹೋದರು. ಇನ್ನೊಬ್ಬಾಕೆ ವೃದ್ಧಾಶ್ರಮ ಸೇರಿದರು. ಉಳಿದವರು ಒಬ್ಬೊಬ್ಬರಾಗಿ ತೀರಿದರು. ಚರ್ಚಿನ ಹೊಸಬರಿಗೆ ಈಮೇಲ್ ಸಾಕಾಗಿತ್ತು. ಒಂದು ಮಧ್ಯಾಹ್ನ ಪಕ್ಕದ ಮನೆಯವರೇ ನೇರವಾಗಿ ನನಗೆ ಫೋನ್ ಮಾಡಿದರು. "ನಡುವೆ ಈಗ ಯಾರೂ ಇಲ್ಲ. ನಾನು, ಆಮೇಲೆ ನೀನು."

ಆದರೂ ನಿಯಮ ಬಿಡಲಿಲ್ಲ. ನಾನು ಫೋನಿಟ್ಟು, ತಿರುಗಿ ಅವರಿಗೇ ಹಚ್ಚಿ ಒಪ್ಪಿಸಬೇಕು. ಒಪ್ಪಿಸುತ್ತಿದ್ದೆ, ಆಚೆಯ ಕಿಟಕಿಯಲ್ಲಿ ಅವರು ತಲೆದೂಗುವುದು ಕಾಣುತ್ತಿತ್ತು. ಮಗಳು ಹಣೆ ಚಚ್ಚಿಕೊಳ್ಳುತ್ತಿದ್ದಳು: "ಅಮ್ಮಾ, ಶೀ ಈಸ್ ರೈಟ್ ದೇರ್! ಜಸ್ಟ್ ಓಪನ್ ದ ವಿಂಡೋ!"

ಆ ಚಳಿಗಾಲ ಅವರ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಆಸ್ಪತ್ರೆಗೆ ಸೇರಿಸಿದರು, ದೂರದ ರಾಜ್ಯದಿಂದ ಮಗ ಬಂದ.

ಸರದಿ ಬಂದಿತ್ತು. ಚರ್ಚಿಗೆ ಫೋನ್ ಮಾಡಿದೆ. ವಾರದ ಈಮೇಲಿನಲ್ಲಿ ಸೇರಿಸುತ್ತೇವೆ ಎಂದು ಪಾದ್ರಿ ಮೆಲ್ಲಗೆ ಹೇಳಿದರು. ಅರಿಜೋನಾದ ನಂಬರ್ ಚಾಲ್ತಿಯಲ್ಲಿರಲಿಲ್ಲ. ವೃದ್ಧಾಶ್ರಮದಲ್ಲಿದ್ದಾಕೆ ಹೆಸರನ್ನು ಮತ್ತೆ ಮತ್ತೆ ಕೇಳಿಸಿಕೊಂಡು, "ಅವಳು ಯಾರು?" ಎಂದರು. ಹೀಗೆ ಅವರ ಹೆಸರು ನಮ್ಮ ಅಡುಗೆಮನೆಯಿಂದ ಆಚೆ ಹೋಗಲೇ ಇಲ್ಲ. ದೇವರ ಮುಂದೆ ಕೂತೆ. ಪ್ರಾರ್ಥನೆ ಮಗ್ಗಿ ಒಪ್ಪಿಸಿದಂತೆ ಬಾಯಿಂದ ಬಂತು, ಅಷ್ಟೇ.

ಇನ್ನು ಉಳಿದದ್ದು ತಿರುಗಿ ಫೋನ್ ಮಾಡುವುದು. ಅವರ ಮನೆಯ ನಂಬರನ್ನೇ ಒತ್ತಿದೆ. ಬೇಲಿಯಾಚೆ ಫೋನಿನ ಗಂಟೆ ಬಡಿದುಕೊಳ್ಳುವುದು ಕೇಳಿಸಿತು. ಮಗ ಎತ್ತಿಕೊಂಡ. ಅಭ್ಯಾಸದಂತೆ ಒಪ್ಪಿಸಿದೆ: ಅವರ ಹೆಸರು, ಕಾಯಿಲೆ, ಆಸ್ಪತ್ರೆ, ದಯವಿಟ್ಟು ಪ್ರಾರ್ಥಿಸಿ.

ಆತ ಪೂರ್ತಿ ಕೇಳಿಸಿಕೊಂಡು ಹೇಳಿದ: "ಅಮ್ಮ ಬೆಳಿಗ್ಗೆ ಹೋಗಿಬಿಟ್ಟರು. ಯಾರಿಗೆ ತಿಳಿಸಬೇಕೋ ನನಗೆ ಗೊತ್ತಾಗಲಿಲ್ಲ. ನೀವು ಮುಂದಿನವರಿಗೆ ಹೇಳುತ್ತೀರಾ?"

"ಮುಂದೆ ಯಾರೂ ಇಲ್ಲ," ಎಂದೆ.

ಆತ ಫೋನಿಟ್ಟ. ನಲ್ಲಿಯ ಮೇಲಿದ್ದ ಬಟ್ಟೆ ಎಳೆದು ಮುಖ ಒರೆಸಿಕೊಂಡು, ಅದನ್ನು ಕಸದ ಚೀಲಕ್ಕೆ ಹಾಕಿದ್ದು ಆಚೆಯ ಕಿಟಕಿಯಲ್ಲಿ ಕಾಣಿಸಿತು.