ಖಾಸಿಂ ಸಾಬರ ಬೋರುಗಳು ಜಿಪಿಎಸ್ ಸೇರಿದ ಮೂರು ದಿನ

ಬುಧವಾರ ಬೆಳಿಗ್ಗೆ ಏಳೂಕಾಲಿಗೆ ತಿಪಟೂರು ಬಿಟ್ಟೆವು. ಕಾರು ನನ್ನದು, ಹನ್ನೊಂದು ವರ್ಷ ಹಳೆಯದು. ಓಡಿಸುತ್ತಿದ್ದವಳು ಶಬಾನಾ, ನಮ್ಮ ಬೀದಿಯ ಮೋಟಾರ್ ರಿಪೇರಿ ಅಂಗಡಿಯವಳು. ಅವಳ ಪಕ್ಕದಲ್ಲಿ ಅವಳ ತಂದೆ ಖಾಸಿಂ ಸಾಬರು. ಹಿಂದಿನ ಸೀಟಿನಲ್ಲಿ ನಾನು, ಒಂದು ನೋಟ್‌ಬುಕ್ಕು, ಒಂದು ಫ್ಲಾಸ್ಕು ಟೀ. ಮುಂದಿನ ಗಾಜಿಗೆ ಅಂಟಿಸಿದ್ದ ಜಿಪಿಎಸ್ ಪೆಟ್ಟಿಗೆ ನನ್ನ ತಂಗಿಯ ಮಗನದು. ದೊಡ್ಡ ಪರದೆಯಿರುವ ಹೊಸ ಕಾರು ಕೊಂಡ ಮೇಲೆ ಅವನು ಇದನ್ನು ಬಿಗಿಯಾದ ಸ್ವೆಟರ್ ಕೊಟ್ಟಷ್ಟೇ ಸಲೀಸಾಗಿ ನನಗೆ ಕೊಟ್ಟಿದ್ದ.

ಖಾಸಿಂ ಸಾಬರು ಮೂವತ್ತೈದು ವರ್ಷ ಈ ಸುತ್ತಿನ ಮೂರು ತಾಲ್ಲೂಕಿನ ತೆಂಗಿನ ತೋಟಗಳಲ್ಲಿ ಬೋರಿನಿಂದ ಮೋಟಾರ್ ಎತ್ತಿ, ಸುಟ್ಟಿದ್ದನ್ನು ಸರಿ ಮಾಡಿ, ಮತ್ತೆ ಇಳಿಸಿಕೊಟ್ಟವರು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತು, ಮಾತು ನಿಂತಿತು. ಬುದ್ಧಿಗೆ ಏನೂ ಆಗಿಲ್ಲ. ನಾನು ಟೀಗೆ ಸಕ್ಕರೆ ಕಡಿಮೆ ಹಾಕಿದರೆ ಈಗಲೂ ಹುಬ್ಬು ಗಂಟಿಕ್ಕುತ್ತಾರೆ. ಶಬಾನಾ ಮೋಟಾರಿಗೆ ಕಾಯಿಲ್ ಸುತ್ತುವುದರಲ್ಲಿ ಅಪ್ಪನನ್ನು ಮೀರಿಸಿದ್ದಾಳೆ, ಮೋಟಾರ್ ಎತ್ತುವ ಗಾಡಿ ಓಡಿಸುತ್ತಾಳೆ, ಜೊತೆಗೆ ಕೆಲಸಕ್ಕೆ ಇಬ್ಬರು ಆಳುಗಳಿದ್ದಾರೆ. ಅವಳಿಗೆ ತಿಳಿಯದೆ ಇದ್ದದ್ದು ದಾರಿ ಮಾತ್ರ. ರೈತರು ಫೋನ್ ಮಾಡಿ, "ನಮ್ ತೋಟ ಕಣಮ್ಮ, ಸಾಬ್ರಿಗೆ ಗೊತ್ತು" ಎಂದು ಇಟ್ಟುಬಿಡುತ್ತಿದ್ದರು. ಸಾಬರಿಗೆ ಗೊತ್ತು ನಿಜ, ಹೇಳುವುದು ಹೇಗೆ? ಎರಡು ಸಲ ಅವಳು ಮಧ್ಯಾಹ್ನದವರೆಗೆ ಸುತ್ತಾಡಿ, ತಲುಪುವ ಹೊತ್ತಿಗೆ ಬೇರೆಯವರು ಬಂದು ಮೋಟಾರ್ ಎತ್ತಿಯಾಗಿತ್ತು.

ಇದನ್ನು ಕೇಳಿಕೊಂಡು ಕಿಬ್ಬನಹಳ್ಳಿಯ ಒಬ್ಬ ಮೋಟಾರ್ ವ್ಯಾಪಾರಿ, ಗಾಡಿಯನ್ನೂ ಗಿರಾಕಿಗಳನ್ನೂ ನನಗೇ ಬಿಟ್ಟುಕೊಡಿ ಎಂದು ಹೇಳಿಕಳಿಸಿದ್ದ. ಶುಕ್ರವಾರ ನಮಾಜ್ ಆದ ಮೇಲೆ ಉತ್ತರ ಕೊಡುವುದು ಎಂದು ಮಾತಾಗಿತ್ತು. ಗಾಡಿ ಹೋದರೆ ಶಬಾನಾ ಯಾರದೋ ಅಂಗಡಿಯ ಮೂಲೆಯಲ್ಲಿ ಕುಳಿತು ಕಾಯಿಲ್ ಸುತ್ತಬೇಕು. ಭಾನುವಾರ ಅವಳು ನನ್ನ ಮನೆಗೆ ಬಂದು ಇದಿಷ್ಟನ್ನೂ ನಿಂತುಕೊಂಡೇ ಹೇಳಿದಳು. ನಾನು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತಳಾದವಳು. ನಮ್ಮ ಬೀದಿಯಲ್ಲಿ ಉತ್ತರ ದಿಕ್ಕಿಗೆ ಸಂಬಂಧಿಸಿದ ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ.

ಫೋನಿನಲ್ಲೇ ದಾರಿ ನೋಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ತೋಟಗಳ ಒಳಗೆ ನೆಟ್‌ವರ್ಕ್ ಇರುವುದಿಲ್ಲ. ಈ ಪೆಟ್ಟಿಗೆಗೆ ಆಕಾಶ ಕಂಡರೆ ಸಾಕು. ನಮಗೆ ಬೇಕಾದ ಜಾಗಗಳ ಅಕ್ಷಾಂಶ, ರೇಖಾಂಶ, ಹೆಸರು ಬರೆದ ಪಟ್ಟಿಯನ್ನು ಕಂಪ್ಯೂಟರಿನಿಂದ ಅದಕ್ಕೆ ತುಂಬಬಹುದು. ತುಂಬಿದ ಜಾಗ ಹತ್ತಿರವಾದಾಗ ಅದು ಟಿಂಗ್ ಎನ್ನುತ್ತದೆ. ಕೆಲಸ ಸರಳವಾಗಿ ಕಂಡಿತ್ತು. ಸಾಬರು ಎಡಗೈಯಲ್ಲಿ ದಾರಿ ತೋರಿಸುವುದು, ಶಬಾನಾ ಓಡಿಸುವುದು, ನಾನು ಬರೆದುಕೊಳ್ಳುವುದು.

ತುರುವೇಕೆರೆ ರಸ್ತೆಯಲ್ಲಿ ಮೊದಲು ನಿಂತದ್ದು ಗಂಗಾಧರಯ್ಯನವರ ತೋಟ. ದೀಪಾವಳಿ ಕಳೆದು ಎರಡು ವಾರವಾಗಿತ್ತು, ಬಿಸಿಲಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ನಾನು ಗೇಟಿನ ಮುಂದೆ ಪೆಟ್ಟಿಗೆ ಕಳಚಿಕೊಂಡು ಅಂಕಿ ಬರೆಯತೊಡಗಿದೆ. ಸಾಬರು ಡ್ಯಾಶ್‌ಬೋರ್ಡಿಗೆ ಒಂದು ಗುದ್ದು ಹಾಕಿದರು. ಇಳಿದು, ಕೋಲೂರಿಕೊಂಡು, ತೋಟದ ಆ ತುದಿಯವರೆಗೆ ನಡೆದು, ಬೋರಿನ ಕೇಸಿಂಗ್ ಪೈಪಿಗೆ ಕೋಲಿನಿಂದ ಟಣ್ ಟಣ್ ಎಂದು ಬಡಿದರು. ಇಲ್ಲಿ ಬರೆದುಕೋ ಎಂದು ಅರ್ಥ.

"ಏನ್ ಸಾಬ್ರೇ, ಎಷ್ಟ್ ದಿನ ಆಯ್ತು ನಿಮ್ ಮಕ ನೋಡಿ!" ಎಂದು ಗಂಗಾಧರಯ್ಯ ಓಡಿಬಂದರು. ನಾನು ಗೇಟಿನ ವಿಷಯ ಹೇಳಿದ್ದಕ್ಕೆ ಅವರೂ ಸಾಬರ ಕಡೆಯೇ ಸೇರಿದರು. "ಗೇಟ್ ತಗಂಡು ಏನ್ ಮಾಡ್ತೀರಾ ಮೇಡಂ? ಬೋರ್ ಇರೋದಕ್ಕೆ ತೋಟ ಇರೋದು. ಬೋರ್ ಎಲ್ಲೋ ತೋಟ ಅಲ್ಲೇ ಕಣ್ರೀ."

ಸಾಬರು ಎಡಗೈಯ ಐದು ಬೆರಳು ಎತ್ತಿ, ಆಮೇಲೆ ಒಂದು ಎತ್ತಿ, ಸ್ವಲ್ಪ ತಡೆದು ಐದು, ಮೂರು ಎತ್ತಿದರು.

"ಆರುನೂರ ಎಂಬತ್ತಡಿ," ಎಂದಳು ಶಬಾನಾ. "ಅಬ್ಬಾಗೆ ತೋಟದೋರ ಹೆಸರು ಲೆಕ್ಕಕ್ಕಿಲ್ಲ ಮೇಡಂ. ಅಣ್ಣ ತಮ್ಮ ಭಾಗ ಆದ್ರೆ ಹೆಸರು ಬದಲಾಗೋಗ್ತದೆ. ಬೋರ್ ಆಳ ಬದಲಾಗಲ್ವಲ್ಲ."

ಗಂಗಾಧರಯ್ಯ ಕೈಮುಗಿದರು. "ಕರೆಕ್ಟು. ಹನ್ನೆರಡು ವರ್ಷ ಆಯ್ತು ಕೊರೆಸಿ. ನಂಗೇ ಮರ್ತೋಗಿತ್ತು." ಅವರು ಮೂರು ಎಳನೀರು ಕೆಡವಿಸಿದರು. ಕೊಬ್ಬರಿಗೆಂದು ಬಿಟ್ಟ ಮರದಿಂದ ಎಳನೀರು ಕೀಳಿಸುವುದು ಈ ಸೀಮೆಯಲ್ಲಿ ಸಣ್ಣ ಮರ್ಯಾದೆಯಲ್ಲ. ನಾನು ನೋಟ್‌ಬುಕ್ಕಿನಲ್ಲಿ ತೋಟದ ಹೆಸರಿನ ಜಾಗದಲ್ಲಿ ೬೮೦ ಎಂದು ಬರೆದೆ. ಅಲ್ಲಿಂದ ಸಂಪಿಗೆ ಎಂಬ ಊರಿನವರೆಗೆ ಎಲ್ಲ ತೋಟಕ್ಕೂ ಹೀಗೆಯೇ ಆಯಿತು. ಸಾಬರು ಇಳಿಯುವುದು, ಬೋರಿನವರೆಗೆ ನಡೆಯುವುದು, ಕೋಲು ಬಡಿಯುವುದು, ಬೆರಳೆತ್ತುವುದು. ಮಧ್ಯಾಹ್ನ ತುರುವೇಕೆರೆಯಲ್ಲಿ ಮುದ್ದೆ, ಹುರುಳಿಕಾಳು ಸಾರು. ಸಂಜೆ ಐದರ ಹೊತ್ತಿಗೆ ಹದಿನಾಲ್ಕು ಬೋರುಗಳು, ತೊಂಬತ್ತನಾಲ್ಕು ಕಿಲೋಮೀಟರ್.

ಮನೆಗೆ ಬಂದು ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ, ಕೇಬಲ್ ಸಿಕ್ಕಿಸಿ ಪೆಟ್ಟಿಗೆಗೆ ತುಂಬಿದೆ. ಹತ್ತಿರದ ತೋಟ ಯಾವುದು ಎಂದು ಕೇಳಿದರೆ ಅದು ಏಳು ಸಾವಿರದ ಒಂಬೈನೂರು ಕಿಲೋಮೀಟರ್ ಎಂದಿತು. ನಕ್ಷೆ ಹಿಗ್ಗಿಸಿ ನೋಡಿದೆ. ತುರುವೇಕೆರೆ ರಸ್ತೆಯ ಹದಿನಾಲ್ಕು ಬೋರುಗಳೂ ಉತ್ತರ ಧ್ರುವದ ಹತ್ತಿರದ ಸಮುದ್ರದಲ್ಲಿ ಸಾಲಾಗಿ ನಿಂತಿದ್ದವು. ಕಚೇರಿಯಲ್ಲಿ ಮೂವತ್ತು ವರ್ಷ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ ಬರೆದ ಕೈ ನನ್ನದು. ಈ ಪೆಟ್ಟಿಗೆಗೆ ರೇಖಾಂಶವೇ ಮೊದಲು ಬೇಕಂತೆ. ನನಗೆ ನಾಚಿಕೆಯಾಯಿತು. ಯಾರೂ ನೋಡಿರಲಿಲ್ಲವಾದ್ದರಿಂದ ಸದ್ದಿಲ್ಲದೆ ಅದಲು ಬದಲು ಮಾಡಿ ಮತ್ತೆ ತುಂಬಿದೆ.

ಗುರುವಾರ ಬೆಳಿಗ್ಗೆ ಸಾಬರನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೇ ಪರೀಕ್ಷೆಗೆ ಹೊರಟೆವು. ಒಂಬತ್ತು ಕಿಲೋಮೀಟರ್ ದೂರದ ಕೆಂಪಮ್ಮನವರ ತೋಟ, ೫೪೦. ಪೆಟ್ಟಿಗೆ ಎಡ ಅಂದಿತು, ಬಲ ಅಂದಿತು, ಶಬಾನಾ ತಿರುಗಿಸಿದಳು. ಹಿಂದಿನ ದಿನ ಹೋದ ದಾರಿಯಂತೆ ಕಾಣಲಿಲ್ಲ, ಆದರೂ ಯಂತ್ರವನ್ನು ನಂಬಿದೆವು. ಹೇಮಾವತಿ ನಾಲೆಯ ಏರಿಯ ಮೇಲೆ ಒಂದು ಮೈಲಿ ಹೋದ ಮೇಲೆ ಅದು ಟಿಂಗ್ ಎಂದು, ತಲುಪಿದಿರಿ ಎಂದು ಸಾರಿತು. ತಲುಪಿದ್ದೆವು ನಿಜ. ಕೆಂಪಮ್ಮನವರ ಬೋರು ಕಣ್ಣೆದುರಿಗೇ ಇತ್ತು. ನಡುವೆ ತುಂಬಿ ಹರಿಯುವ ನಾಲೆ.

ಆಚೆ ದಡದಲ್ಲಿ ಎಮ್ಮೆ ಕಟ್ಟುತ್ತಿದ್ದ ಕೆಂಪಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. "ಯಾರವ್ವಾ ಅದು? ಸಾಬ್ರ ಮಗ್ಳಾ? ಆ ಕಡೀಕೆ ಯಾಕ್ ಹೋದ್ಯೇ?"

"ಮಿಷನ್ನು ಇಲ್ಲಿಗೆ ಕರ್ಕೊಂಡ್ ಬಂತು ಕಣಜ್ಜೀ!"

"ಸರಿ ಬುಡು. ಈಜ್ಕಂಡ್ ಬತ್ತೀಯೋ, ಸೇತುವೆ ಮೇಲೆ ಬತ್ತೀಯೋ?"

ಸೇತುವೆಗೆ ನಾಲ್ಕು ಕಿಲೋಮೀಟರ್. ಆ ನಾಲ್ಕು ಕಿಲೋಮೀಟರಿನಲ್ಲಿ ನನಗೆ ವಿಷಯ ಹೊಳೆಯಿತು. ಇಲ್ಲಿಯ ತೋಟಗಳಲ್ಲಿ ಬೋರು ಸಾಮಾನ್ಯವಾಗಿ ಕೊನೆಯ ತಗ್ಗಿನಲ್ಲಿರುತ್ತದೆ. ಪೆಟ್ಟಿಗೆ ನಾವು ಕೊಟ್ಟ ಗುರುತಿಗೆ ಅತಿ ಹತ್ತಿರದ ರಸ್ತೆಯನ್ನು ಹುಡುಕುತ್ತದೆ. ಆ ರಸ್ತೆ ನಾಲೆಯ ಆಚೆ ಇದ್ದರೆ ಅದಕ್ಕೇನು? ನಾನು ಗೇಟಿನಲ್ಲಿ ಬರೆದುಕೊಳ್ಳುತ್ತೇನೆ ಎಂದಾಗ ಹಟ ಹಿಡಿಯಬೇಕಿತ್ತು. ತೋಟ ಎಂದರೆ ಬೋರು ಎನ್ನುವ ಊರಿನಲ್ಲಿ ಮೂವತ್ತು ವರ್ಷ ಇದ್ದು ನಾನೂ ಅವರಂತೆಯೇ ಆಗಿಬಿಟ್ಟಿದ್ದೆ.

ಸುದ್ದಿ ಕೇಳಿ ಸಾಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಲಕ್ವ ಹೊಡೆದ ಮೇಲೆ ಅಪ್ಪ ನಕ್ಕದ್ದು ಇದೇ ಮೊದಲು ಎಂದು ಶಬಾನಾ ಆಮೇಲೆ ಹೇಳಿದಳು. ಗೇಟಿಗೂ ಒಂದು ಗುರುತು ಇರಲಿ ಎಂದು ಅವರು ತಲೆಯಾಡಿಸಿದರು. ಅಷ್ಟೂ ತೋಟಗಳ ಗೇಟುಗಳನ್ನು ಮತ್ತೆ ಸುತ್ತಿ ಬರೆದುಕೊಂಡು, ಮಧ್ಯಾಹ್ನದ ಮೇಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೆಂಕಣ ಭಾಗಕ್ಕೆ ಹೋದೆವು. ಒಂಬತ್ತು ತೋಟ ಆಯಿತು.

ಆದರೆ ಅಂದು ನನಗೆ ಒಂದು ಚಿಂತೆ ಹತ್ತಿಕೊಂಡಿತು. ಪೆಟ್ಟಿಗೆ ಎಡಕ್ಕೆ ಎನ್ನುವ ಮೊದಲೇ ಸಾಬರ ಕೈ ಎಡಕ್ಕೆ ತಿರುಗಿರುತ್ತಿತ್ತು, ಶಬಾನಾಳ ಕಣ್ಣು ಆ ಕೈಯ ಮೇಲೇ ಇರುತ್ತಿತ್ತು. ಪರದೆಯನ್ನು ನೋಡುತ್ತಿದ್ದವಳು ಹಿಂದೆ ಕುಳಿತ ನಾನೊಬ್ಬಳೇ. ಟೀ ಕುಡಿಯಲು ನಿಂತಾಗ ಹೇಳಿದೆ: "ಶಬಾನಾ, ಕೈ ನೋಡೋದು ಬಿಡು. ಮುಂದೆ ಗಾಡಿಯಲ್ಲಿ ಅವರು ಪಕ್ಕದಲ್ಲಿ ಇರೋದಿಲ್ಲ."

"ಗೊತ್ತು ಮೇಡಂ," ಎಂದಳು. "ಅಬ್ಬಾ ಕೈ ಇದ್ರೆ ಧೈರ್ಯ. ಏನ್ ಮಾಡ್ಲಿ?" ಸಾಬರು ಕಾರಿನಲ್ಲೇ ಕುಳಿತಿದ್ದರು. ಗಾಜು ಇಳಿಸಿತ್ತು, ಕೇಳಿಸಿರಬೇಕು.

ಶುಕ್ರವಾರ ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರು. ಹಿಂದಿನ ಸಂಜೆಯ ಗುರುತುಗಳೆಲ್ಲ ಪೆಟ್ಟಿಗೆ ಸೇರಿದ್ದವು. ಈ ಕಡೆ ನೆಲ ಒಣಗಿದ್ದು, ತೋಟಗಳ ನಡುವೆ ರಾಗಿ ಹೊಲ, ಕುರಿಮಂದೆ. ಬೋರುಗಳ ಆಳ ಸಾವಿರ ದಾಟುತ್ತಿತ್ತು, ಸಾಬರು ಬೆರಳೆತ್ತುವುದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಒಂದು ಗಂಟೆಗೆ ಅವರನ್ನು ಹುಳಿಯಾರಿನ ಮಸೀದಿಯ ಹತ್ತಿರ ಇಳಿಸಿ ನಾವು ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಶಬಾನಾ ಒಂದರಲ್ಲಿ ಅರ್ಧ ಬಿಟ್ಟಳು.

ಸಾಬರು ನಮಾಜ್ ಮುಗಿಸಿ ಬಂದು ಕುಳಿತು ಹತ್ತು ನಿಮಿಷವಾಗಿರಲಿಲ್ಲ, ಫೋನ್ ಬಂತು. ಕಿಬ್ಬನಹಳ್ಳಿಯವನಲ್ಲ, ಹಿಂದಿನ ದಿನ ನೋಡಿದ್ದ ಒಂದು ತೋಟದ ಪುಟ್ಟಸ್ವಾಮಿ. "ಮೋಟಾರ್ ಓಡ್ತೈತೆ ಕಣಮ್ಮ, ನೀರ್ ಬತ್ತಿಲ್ಲ. ಬೇಗ ಬಾ, ಇಲ್ಲಾಂದ್ರೆ ಬೇರೆಯೋರಿಗೆ ಹೇಳ್ಬೇಕಾಯ್ತದೆ."

ಆ ತೋಟಕ್ಕೆ ನಾವು ಗುರುವಾರ ತೆಂಕಣದಿಂದ ಹೋಗಿದ್ದೆವು. ಈಗ ಬರುತ್ತಿದ್ದುದು ಬಡಗಣದಿಂದ. ಶಬಾನಾ ಪೆಟ್ಟಿಗೆಯಲ್ಲಿ ೭೬೦, ಗೇಟು ಎಂದು ಒತ್ತಿದಳು. ಇಪ್ಪತ್ತೊಂದು ಕಿಲೋಮೀಟರ್. ಡಾಂಬರು ಮುಗಿದ ಮೇಲೆ ಒಂದು ಕವಲು ಬಂತು, ಎಡಕ್ಕೊಂದು ಗಾಡಿದಾರಿ, ಬಲಕ್ಕೊಂದು. ಪೆಟ್ಟಿಗೆಯ ನಕ್ಷೆಯಲ್ಲಿ ಎರಡೂ ಇರಲಿಲ್ಲ. ನಮ್ಮ ಕಾರಿನ ಗುರುತು ಬರೀ ಬಯಲಿನಲ್ಲಿ ನಿಂತಿತ್ತು. ಶಬಾನಾ ಅಪ್ಪನ ಕೈ ನೋಡಿದಳು. ಸಾಬರು ಎಡಗೈಯನ್ನು ಹೆಗಲ ಮೇಲಿನ ವಸ್ತ್ರದೊಳಗೆ ಸುತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಅಬ್ಬಾ?" ಎಂದಳು. ಅವರು ಮುಂದಿನ ಗಾಜನ್ನೇ ನೋಡುತ್ತಿದ್ದರು.

ಅವಳು ಎಡಕ್ಕೆ ತಿರುಗಿಸಿದಳು. ತಪ್ಪು. ಅದು ಸಾಬರಿಗೆ ಗೊತ್ತಿತ್ತು. ಅವರ ಎಡಗಾಲು ಬ್ರೇಕ್ ತುಳಿಯುವವರಂತೆ ನೆಲಕ್ಕೆ ಒತ್ತಿಕೊಂಡಿದ್ದು ಹಿಂದಿನಿಂದ ನನಗೆ ಕಾಣುತ್ತಿತ್ತು. ಕೈ ಮಾತ್ರ ಹೊರಬರಲಿಲ್ಲ. ನಾನು ಬಾಯಿ ತೆರೆಯುವವಳಿದ್ದೆ, ಅವರ ಕಾಲು ನೋಡಿ ಸುಮ್ಮನಾದೆ. ಇನ್ನೂರು ಗಜ ಹೋದ ಮೇಲೆ ಶಬಾನಾ ಪರದೆಯ ಕಡೆ ನೋಡಿ ತಾನೇ ನಿಲ್ಲಿಸಿದಳು. "ದೂರ ಜಾಸ್ತಿ ಆಗ್ತಾ ಇದೆ," ಎಂದು ತನಗೇ ಹೇಳಿಕೊಂಡಳು. ಬೇಲಿಗೆ ತಾಗದಂತೆ ಹಿಂದಕ್ಕೆ ತೆಗೆದು ಬಲದ ದಾರಿ ಹಿಡಿದಳು. ಎಂಟು ನಿಮಿಷದಲ್ಲಿ ಟಿಂಗ್ ಎಂದಿತು. ಗೇಟಿನಲ್ಲಿ ಪುಟ್ಟಸ್ವಾಮಿ ನಿಂತಿದ್ದರು.

ಮೋಟಾರ್ ಎತ್ತುವ ಅಗತ್ಯ ಬೀಳಲಿಲ್ಲ. ಹಿಂದಿನ ರಾತ್ರಿ ಆ ಕಡೆಯ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಬದಲಾಯಿಸಿದ್ದರು, ತಂತಿ ಹಿಂದುಮುಂದಾಗಿ ಮೋಟಾರ್ ಉಲ್ಟಾ ತಿರುಗುತ್ತಿತ್ತು. ಶಬಾನಾ ಮೇನ್ ಆಫ್ ಮಾಡಿ, ಸ್ಟಾರ್ಟರಿನಲ್ಲಿ ಎರಡು ವೈರು ಅದಲು ಬದಲು ಮಾಡಿ, ಮತ್ತೆ ಆನ್ ಮಾಡಿದಳು. ನೀರು ತೊಟ್ಟಿಗೆ ಬಿತ್ತು. ಅದಲು ಬದಲಿನ ಪೇಚಿಗೆ ಸಿಕ್ಕಿದವಳು ನಾನೊಬ್ಬಳೇ ಅಲ್ಲ ಎಂದು ನನಗೆ ಸಮಾಧಾನವಾಯಿತು. "ಸಾಬ್ರ ಕೈಗುಣ ಬಂದದೆ ನಿಂಗೆ" ಎಂದರು ಪುಟ್ಟಸ್ವಾಮಿ. ಸಾಬರು ಕಾರಿನಿಂದ ಇಳಿದೇ ಇರಲಿಲ್ಲ.

ಹಿಂದಿರುಗುವಾಗ ಸಾಬರ ಜೇಬಿನ ಫೋನ್ ಹೊಡೆದುಕೊಂಡಿತು. ಈ ಸಲ ಕಿಬ್ಬನಹಳ್ಳಿ. ಶಬಾನಾ ಕಾರನ್ನು ಪಕ್ಕಕ್ಕೆ ಹಾಕಿದಳು. ಮಾತು ಹೋದಂದಿನಿಂದ ಅವರ ಮನೆಯ ರೂಢಿ ಹೀಗೆ: ಫೋನನ್ನು ಶಬಾನಾ ತೆಗೆಯುವುದು, ಆ ಕಡೆಯ ಮಾತನ್ನು ಜೋರಾಗಿ ಹೇಳುವುದು, ಸಾಬರು ತಲೆಯಾಡಿಸಿದಂತೆ ಉತ್ತರ ಕೊಡುವುದು.

"ಗಾಡಿ ವಿಷಯ ಏನ್ ಮಾಡಿದ್ರಿ ಅಂತ ಕೇಳ್ತಾವ್ರೆ ಅಬ್ಬಾ."

ಸಾಬರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಎಡಗೈಯಿಂದ ಫೋನನ್ನು ಅವಳ ಕಡೆಗೇ ತಳ್ಳಿ, ಮುಖವನ್ನು ಕಿಟಕಿಯ ಆಚೆಗೆ ತಿರುಗಿಸಿಕೊಂಡರು. ಶಬಾನಾ ಕಾದಳು. ಫೋನಿನಲ್ಲಿ ಅವನು ಹಲೋ ಹಲೋ ಎನ್ನುತ್ತಿದ್ದ. ಸಾಬರ ತಲೆ ಅಲುಗಲಿಲ್ಲ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವಳ ಕಣ್ಣು ತುಂಬಿತು. ಸೆರಗಿಲ್ಲದ್ದಕ್ಕೆ ತೋಳಿನಿಂದ ಒರೆಸಿಕೊಂಡು, ಫೋನನ್ನು ಮತ್ತೆ ಕಿವಿಗೆ ಹಿಡಿದಳು.

"ಗಾಡಿ ಕೊಡೋದಿಲ್ಲ ಅಣ್ಣ," ಎಂದಳು. "ಹೌದು, ಅಬ್ಬಾ ಪಕ್ಕದಲ್ಲೇ ಅವ್ರೆ. ಅವ್ರನ್ನ ಕೇಳಂಗಿಲ್ಲ. ನಾನೇ ಹೇಳ್ತಾ ಇರೋದು."